ಆ ಕಾಲಂ ಯಾಕೆ ಖಾಲಿ ಬಿಟ್ಟಿರಿ?

ಮುಂಬೈಯ ಕನ್ನಡ ಶಾಲೆಯ ಟೀಚರ್ ಒಬ್ಬರ ಪತ್ರ ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ವಿಧಾನಸಭೆ ಚುನಾವಣೆಯ ಮತ ಎಣಿಕೆಯಲ್ಲಿ ಅವರು ಸೂಪರ್‌ವೈಸರ್. ಒಂದು ಮತಗಟ್ಟೆಯ ಯಂತ್ರ ತೋರಿಸಿದ ಮೊತ್ತಕ್ಕೂ ಮತಗಟ್ಟೆಯಲ್ಲಿ ಬಿದ್ದ ಮತಗಳ ಲೆಕ್ಕ ಬರೆದಿಡುವ 17ಸಿ ನಮೂನೆಯ ಮೊತ್ತಕ್ಕೂ ಏಳು ಮತ ವ್ಯತ್ಯಾಸ. 'ಗೆಲುವಿನ ಅಂತರ ಸಾವಿರಗಟ್ಟಲೆ ಇದೆ, ಸಹಿ ಹಾಕಿ' ಎಂದರಂತೆ ಸಾಹೇಬರು. ಇವರು ಹಾಕಿದರು. ಈಗ ಮತ್ತೆ ಎಣಿಕೆ ಡ್ಯೂಟಿ ಬಂದಿದೆ. ಡಾಕ್ಟರ್ ಸರ್ಟಿಫಿಕೇಟ್ ಕೊಟ್ಟು ತಪ್ಪಿಸಿಕೊಳ್ಳಲೇ, ಜೈಲಾಗುತ್ತದಾ ಎಂದು ಕೇಳಿದ್ದಾರೆ.

ತಂಗಿ, ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: 'ಆ ಒಂದು ಕಾಲಂ ಖಾಲಿ ಬಿಟ್ಟೆ.' ನನಗೆ ಇಡೀ ಪತ್ರದಲ್ಲಿ ಕಂಡದ್ದು ಅದೇ. 17ಸಿಯ ಎರಡನೇ ಭಾಗ ನೇರವಾಗಿ ಕೇಳುತ್ತದೆ: ಎರಡು ಮೊತ್ತ ತಾಳೆಯಾಗುತ್ತವೆಯೇ, ವ್ಯತ್ಯಾಸ ಇದೆಯೇ? ಅದಕ್ಕೆ ನಿಮ್ಮ ಸಹಿ ಬೇಕು, ಅಭ್ಯರ್ಥಿಗಳ ಏಜೆಂಟರ ಸಹಿಯೂ ಬೇಕು. ವ್ಯತ್ಯಾಸ ಬಂತೆಂದರೆ ಮೋಸ ಎಂದೇ ಅಲ್ಲ. ಬೆಳಿಗ್ಗೆ ಯಂತ್ರ ಪರೀಕ್ಷಿಸಲು ಮಾಡುವ ಅಣಕು ಮತದಾನದ ಮತಗಳನ್ನು ಅಳಿಸಲು ಮರೆತಿರಬಹುದು. ಅದಕ್ಕೇ ಅಂಥ ಯಂತ್ರವನ್ನು ಪಕ್ಕಕ್ಕಿಡುತ್ತಾರೆ. 2024ರ ನಿಯಮದಂತೆ, ಗೆಲುವಿನ ಅಂತರ ಅದರ ಮತಗಳಿಗಿಂತ ಕಡಿಮೆಯಾದರೆ ವಿವಿಪ್ಯಾಟ್ ಚೀಟಿ, ಅಂದರೆ ಮತ ಯಾರಿಗೆ ಬಿತ್ತೆಂದು ಮುದ್ರಿಸಿದ ಕಾಗದದ ಚೀಟಿ, ಎಣಿಸಬೇಕಿತ್ತು. ಅದೆಲ್ಲ ಚುನಾವಣಾಧಿಕಾರಿಯ ತೀರ್ಮಾನ. ನೀವು ಬರೆಯದೆ ಅವರಿಗೆ ಗೊತ್ತಾಗುವುದು ಹೇಗೆ?

ಮೋಸದ ಉದ್ದೇಶ ಇಲ್ಲದಿದ್ದರೆ ಜೈಲಿನ ಭಯ ಬೇಡ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ, ಸರಿಯಾದ ಕಾರಣವಿಲ್ಲದೆ ಚುನಾವಣಾ ಕರ್ತವ್ಯ ತಪ್ಪಿದವರಿಗೆ ದಂಡ ಹೆಚ್ಚೆಂದರೆ 500 ರೂಪಾಯಿ. ನನಗೆ ಸಿಟ್ಟು ಬರುವುದೇ ಇಲ್ಲಿ. ಇಡೀ ಕ್ಷೇತ್ರದ ತೀರ್ಪು ಕೈಯಲ್ಲಿರುವವರಿಗೆ ಇದೆಂಥ ಶಿಕ್ಷೆ? 2024ರಲ್ಲಿ ಚಂಡೀಗಢದ ಮೇಯರ್ ಚುನಾವಣೆಯಲ್ಲಿ 8 ಮತಪತ್ರ ಕೆಡಿಸಿದ ಅಧಿಕಾರಿ ಸುಪ್ರೀಂ ಕೋರ್ಟಿಗೆ ಉತ್ತರ ಹೇಳಬೇಕಾಯಿತು. ಅಲ್ಲಿ ಕ್ಯಾಮೆರಾ ಎಲ್ಲವನ್ನೂ ಹಿಡಿದಿತ್ತು. ನಿಮ್ಮ ಏಳು ಮತ ಕ್ಯಾಮೆರಾಕ್ಕೆ ಕಾಣುವಂಥದ್ದಲ್ಲ, ಬರೆದರೆ ಮಾತ್ರ ಕಾಣುತ್ತದೆ.

ಇನ್ನು ನಿಮ್ಮ ಮೈದುನ. ಲೆಕ್ಕ ಗುರುತು ಹಾಕಿಕೊಂಡ ಡೈರಿ ಹಾಳೆ ಹರಿದು ಹಾಕಿ ಅಂದರಂತೆ. ಸಾಹೇಬರಿಗಿಂತ ಅವರ ಮೇಲೆ ನನಗೆ ಕೋಪ ಜಾಸ್ತಿ. ಸಾಹೇಬರಿಗೆ ಆ ಹೊತ್ತಿನ ಅವಸರವಿತ್ತು. ಇವರು ಮನೆಯಲ್ಲಿ ಕೂತು, ಯೋಚಿಸಿ ಹೇಳಿದ್ದಾರೆ.

ಸುಳ್ಳು ಸರ್ಟಿಫಿಕೇಟ್ ಬೇಡ. ಡ್ಯೂಟಿಗೆ ಹೋಗಿ. ಅದಕ್ಕೆ ಮೊದಲು ಮತಗಟ್ಟೆ ಸಂಖ್ಯೆ, ಎರಡೂ ಮೊತ್ತ, ಸಹಿ ಹಾಕಿ ಅಂದವರ ಹುದ್ದೆ, ಕಾಲಂ ಖಾಲಿ ಬಿಟ್ಟದ್ದು ನೀವೇ ಎಂಬುದು, ಎಲ್ಲವನ್ನೂ ಬರೆದು ಜಿಲ್ಲಾ ಚುನಾವಣಾಧಿಕಾರಿಗೆ ಕೊಡಿ. ಇಲಾಖಾ ವಿಚಾರಣೆ ಬರಬಹುದು, ಬರುವುದಿಲ್ಲ ಎಂದು ನಾನು ಹೇಳಲಾರೆ. ಆದರೂ ಕೊಡಿ. ಡೈರಿ ಹಾಳೆಯ ಜೆರಾಕ್ಸ್ ಲಗತ್ತಿಸಿ, ನಿಮ್ಮ ಪ್ರತಿಯ ಮೇಲೆ ಕಚೇರಿಯ ಸೀಲು, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.