ರೀಲ್ ನೋಡಿದವರು ಎರಡು ಲಕ್ಷ, ಕಾರ್ಯಕ್ರಮಕ್ಕೆ ಬಂದವರು ಹದಿನೆಂಟು

ಪ್ರಶ್ನೆ: ಸ್ವಂತ ಹಾಡುಗಳನ್ನು ಗಿಟಾರ್ ಹಿಡಿದು ಒಬ್ಬಳೇ ಹಾಡುತ್ತೇನೆ. ಇನ್‌ಸ್ಟಾಗ್ರಾಮ್‌ನಲ್ಲಿ ನನ್ನ ಒಂದು ರೀಲ್ ಎರಡು ಲಕ್ಷ ವೀಕ್ಷಣೆ ಕಂಡಿತು. ಆ ಹುರುಪಿನಲ್ಲಿ ಊರಿನಲ್ಲೇ ಟಿಕೆಟ್ ಇಟ್ಟು ಹಾಡಿದರೆ ಬಂದವರು 18 ಮಂದಿ. ಏನು ತಪ್ಪಾಯಿತು? — ಓದುಗರೊಬ್ಬರು, ಮೈಸೂರು

ಉತ್ತರ: ದುಡ್ಡು ಕೊಟ್ಟು ಬಂದ ಆ 18 ಮಂದಿ ನಿಮ್ಮ ನಿಜವಾದ ಬಂಡವಾಳ. ರೀಲ್ ನೋಡಿದವರಿಗೆ ಆ್ಯಪ್ ನಿಮ್ಮನ್ನು ತೋರಿಸಿತು, ಅಷ್ಟೇ. ಅವರಲ್ಲಿ ಎಷ್ಟೋ ಜನ ಮೈಸೂರಿನವರೇ ಅಲ್ಲ. ಖಾತೆಯ ಇನ್‌ಸೈಟ್ಸ್‌ನಲ್ಲಿ ಫಾಲೋವರ್‌ಗಳ ಊರುಗಳ ಪಟ್ಟಿ ಇರುತ್ತದೆ, ನೋಡಿ. ಮುಂದಿನ ಕಾರ್ಯಕ್ರಮ ಎಲ್ಲಿಡಬೇಕೆಂದು ಅದೇ ಹೇಳುತ್ತದೆ.

ಆ 18 ಮಂದಿಯ ಫೋನ್ ನಂಬರ್ ನಿಮ್ಮ ಬಳಿ ಇದೆಯೇ? ಇಲ್ಲದಿದ್ದರೆ ಮುಂದಿನ ಸಲ ಅವರನ್ನೂ ಹೊಸದಾಗಿ ಹುಡುಕಬೇಕಾಗುತ್ತದೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ‘ಶಾರ್ಟ್ ಲಿಂಕ್’ ಎಂಬ ಸೌಲಭ್ಯವಿದೆ, ಅದರಲ್ಲೇ ಕ್ಯೂಆರ್ ಕೋಡ್ ಸಿಗುತ್ತದೆ. ಅದನ್ನು ಸ್ಕ್ಯಾನ್ ಮಾಡಿದವರು ನಿಮಗೆ ಸಂದೇಶ ಕಳಿಸಿದರೆ ಅವರ ನಂಬರ್ ನಿಮಗೆ ಸಿಗುತ್ತದೆ. ‘ಹಾಡಿನ ಸುದ್ದಿ ಕಳಿಸಿ, ನನ್ನ ಊರು...’ ಎಂದು ಅವರು ಕಳಿಸಬೇಕಾದ ಮೊದಲ ಸಂದೇಶವನ್ನೂ ಬರೆದಿಡಿ. ಕೋಡನ್ನು ಎ4 ಹಾಳೆಯಲ್ಲಿ ದೊಡ್ಡದಾಗಿ ಮುದ್ರಿಸಿ, ಬೆಳಕಿರುವ ಕಡೆ ಅಂಟಿಸಿ. ವೇದಿಕೆ ಪಕ್ಕದ ಕತ್ತಲಲ್ಲಿ ಅಂಟಿಸಿದರೆ ಕ್ಯಾಮೆರಾ ಹಿಡಿಯುವುದಿಲ್ಲ. ಬಾಗಿಲಲ್ಲಿ ಒಂದು ನೋಟ್‌ಬುಕ್ ಮತ್ತು ಪೆನ್ ಕೂಡ ಇರಲಿ, ಹಿರಿಯರು ಅದರಲ್ಲೇ ಬರೆಯುತ್ತಾರೆ. ಈ ವಿಷಯವನ್ನು ಕೊನೆಯ ಹಾಡಿಗೆ ಮುಂಚೆಯೇ ಹೇಳಿ. ಹಾಡು ಮುಗಿದ ಮೇಲೆ ಹೇಳಿದರೆ ಅರ್ಧ ಜನ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ.

ಇಲ್ಲಿ ಬಹಳಷ್ಟು ಗಾಯಕರು ಸೋಲುವ ಜಾಗ ಒಂದಿದೆ. ಬ್ರಾಡ್‌ಕಾಸ್ಟ್ ಪಟ್ಟಿಯ (ಒಂದೇ ಸಂದೇಶವನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ವಾಟ್ಸ್‌ಆ್ಯಪ್ ಸೌಲಭ್ಯ) ಸಂದೇಶ ತಲುಪುವುದು ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ. ಹಾಗಾಗಿ ‘ಈಗಲೇ ಸೇವ್ ಮಾಡಿಕೊಳ್ಳಿ’ ಎಂದು ಬಾಯಿಬಿಟ್ಟು ಕೇಳಿ. ಒಂದು ಪಟ್ಟಿಗೆ 256 ಜನರ ಮಿತಿ ಇರುವುದರಿಂದ ಊರಿಗೊಂದು ಪಟ್ಟಿ ಮಾಡುವುದೇ ಒಳ್ಳೆಯದು. ಹುಬ್ಬಳ್ಳಿಯವರಿಗೆ ನಾಲ್ಕು ಸಲ ಮೈಸೂರಿನ ಆಹ್ವಾನ ಹೋದರೆ ಐದನೆಯದಕ್ಕೆ ನಿಮ್ಮನ್ನು ಬ್ಲಾಕ್ ಮಾಡುತ್ತಾರೆ. ಗ್ರೂಪ್ ಮಾತ್ರ ಬೇಡ. ಶುಭೋದಯದ ಚಿತ್ರಗಳು ಶುರುವಾದ ದಿನವೇ ಒಳ್ಳೆಯ ಕೇಳುಗರು ಹೊರಬೀಳುತ್ತಾರೆ.

ತಿಂಗಳಿಗೆ ಎರಡು ಸಂದೇಶ ಸಾಕು. ಅದರಲ್ಲಿ ಒಂದಾದರೂ ಏನನ್ನೂ ಮಾರದಿರಲಿ: ಅರ್ಧ ಆಗಿರುವ ಹಾಡಿನ 40 ಸೆಕೆಂಡಿನ ಧ್ವನಿಮುದ್ರಣ, ಹೊಸ ಪಲ್ಲವಿಯ ಎರಡು ಸಾಲು. ಉತ್ತರ ಬರೆದವರಿಗೆ ಹೆಸರು ಹಿಡಿದು ಮರುಉತ್ತರ ಕೊಡಿ. ನೂರು ಜನರಿರುವಾಗ ಇದು ಸಾಧ್ಯ, ಸಾವಿರ ಆದಮೇಲೆ ಕಷ್ಟ. ಆದ್ದರಿಂದ ಈಗಲೇ ಮಾಡಬೇಕು.

ಕಾರ್ಯಕ್ರಮಕ್ಕೆ 40 ಕುರ್ಚಿಯ ಜಾಗ ಹಿಡಿಯಿರಿ. 18 ಜನ ಅಲ್ಲಿ ಕೂತರೆ ಮನೆ ತುಂಬಿದ ಹಾಗಿರುತ್ತದೆ, 200 ಕುರ್ಚಿಯ ಸಭಾಂಗಣದಲ್ಲಿ ಅದೇ ಜನ ಸಂಕೋಚಪಟ್ಟು ಕೂರುತ್ತಾರೆ. ಎರಡು ತಿಂಗಳಿಗೊಮ್ಮೆ ಅದೇ ಜಾಗ, ಅದೇ ವಾರ. ಟಿಕೆಟ್ 150 ರೂಪಾಯಿ ಆದರೂ ಇರಲಿ. ಉಚಿತ ಎಂದರೆ ‘ಬರ್ತೀನಿ’ ಎಂದವರೂ ಮಳೆ ಬಂದರೆ ಮನೆಯಲ್ಲೇ ಉಳಿಯುತ್ತಾರೆ. ಎರಡನೇ ಸಲ ಬಂದವರ ಹೆಸರಿನ ಮುಂದೆ ಗುರುತು ಹಾಕುತ್ತಾ ಹೋಗಿ. ಹದಿನೆಂಟರಲ್ಲಿ ಆರು ಮಂದಿ ಮರಳಿ ಬಂದರೆ ನಿಮ್ಮ ಹಾಡು ಕೆಲಸ ಮಾಡುತ್ತಿದೆ ಎಂದರ್ಥ.

ಎಂಟು ಹಾಡು ಸಿದ್ಧವಿದ್ದರೆ ಒಂದೇ ದಿನ ಸುರಿಯಬೇಡಿ, ಆರು ವಾರಕ್ಕೊಂದು ಬಿಡಿ. ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ವಿತರಕರಿಗೆ ಮೂರು-ನಾಲ್ಕು ವಾರ ಮೊದಲೇ ಕೊಡಿ. ಸ್ಪಾಟಿಫೈಗೆ ಬಿಡುಗಡೆಗೆ ಕನಿಷ್ಠ 7 ದಿನ ಮುಂಚೆ ‘ಪಿಚ್’, ಅಂದರೆ ಹಾಡನ್ನು ಪರಿಗಣಿಸಿ ಎಂಬ ಮನವಿ, ಕಳಿಸಿದರೆ ಮಾತ್ರ ಆ ಹಾಡು ನಿಮ್ಮ ಫಾಲೋವರ್‌ಗಳ ‘ರಿಲೀಸ್ ರೇಡಾರ್’ಗೆ (ಹೊಸ ಹಾಡುಗಳ ವಾರದ ಪಟ್ಟಿ) ಖಚಿತವಾಗಿ ಹೋಗುತ್ತದೆ. ಹೆಸರಿನ ಸ್ಪೆಲಿಂಗ್ ಪ್ರತಿ ಸಲವೂ ಒಂದೇ ಇರಲಿ, ಇಲ್ಲವಾದರೆ ಹಾಡುಗಳು ಎರಡು ಕಲಾವಿದ ಪುಟಗಳಿಗೆ ಹಂಚಿಹೋಗುತ್ತವೆ. ಅಲ್ಲಿನ ಹಣವನ್ನು ನೆಚ್ಚಬೇಡಿ: 2024ರಿಂದ, ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಅಲ್ಲಿ ಗೌರವಧನವಿಲ್ಲ.

ಪ್ರಶ್ನೆ: ಬೇಂದ್ರೆ, ಕುವೆಂಪು ಕವಿತೆಗಳಿಗೆ ನನ್ನದೇ ರಾಗ ಹಾಕಿ ಹಾಡಿದರೆ ಕೇಳುಗರು ಬೇಗ ಸಿಗುತ್ತಾರಲ್ಲವೇ? — ಓದುಗರೊಬ್ಬರು, ಧಾರವಾಡ

ಉತ್ತರ: ಸಿಗುತ್ತಾರೆ, ಆದರೆ ಅನುಮತಿ ಬೇಕು. ಕವಿಯ ಮರಣಾನಂತರ 60 ವರ್ಷ ಹಕ್ಕು ವಾರಸುದಾರರದ್ದು: ಬೇಂದ್ರೆ ತೀರಿಕೊಂಡದ್ದು 1981ರಲ್ಲಿ, ಕುವೆಂಪು 1994ರಲ್ಲಿ. ಮುಂಚೆಯೇ ಪತ್ರ ಬರೆದು ಲಿಖಿತ ಒಪ್ಪಿಗೆ ಪಡೆಯಿರಿ. ಶಿಶುನಾಳ ಷರೀಫರ ಪದಗಳಿಗೆ ಆ ತೊಡಕಿಲ್ಲ, ಆದರೆ ಇತ್ತೀಚಿನ ಸಂಯೋಜಕರು ಹಾಕಿದ ಧಾಟಿಗೆ ಬೇರೆ ಹಕ್ಕಿರುತ್ತದೆ. ಧಾಟಿ ನಿಮ್ಮದೇ ಇರಲಿ. ಕವಿಗಾಗಿ ಬಂದ ಕೇಳುಗರು ನಿಮಗಾಗಿ ಉಳಿಯಬೇಕಾದರೆ ಪ್ರತಿ ಎರಡು ಕವಿತೆಗಳ ನಡುವೆ ನಿಮ್ಮ ಸ್ವಂತ ಹಾಡೊಂದನ್ನು ಇಡಿ.