‘ಇನ್ನೊಂದು ತಿಂಗಳು ಇಲ್ಲೇ ಇರಲಿ ಮೇಡಂ’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಆಕೆಗೆ ಇಪ್ಪತ್ತೆಂಟರ ಆಸುಪಾಸು. ಬೈಪೋಲಾರ್ ಕಾಯಿಲೆ, ಅಂದರೆ ಕೆಲವೊಮ್ಮೆ ಉನ್ಮಾದ, ಕೆಲವೊಮ್ಮೆ ಖಿನ್ನತೆ. ಉನ್ಮಾದ ಏರಿ ಎರಡನೇ ಸಲ ವಾರ್ಡಿಗೆ ಸೇರಿದ್ದಳು. ನಿದ್ದೆ ಸರಿಹೋಯಿತು, ಮಾತು ಹದಕ್ಕೆ ಬಂತು, ಸೋಮವಾರ ಡಿಸ್ಚಾರ್ಜ್ ಎಂದರು ವೈದ್ಯರು. ಅಂದು ಸಂಜೆಯೇ ತಾಯಿ ಮತ್ತು ಅಣ್ಣ ನನ್ನ ಕೋಣೆಗೆ ಬಂದರು. “ಇನ್ನೊಂದು ತಿಂಗಳು ಇಲ್ಲೇ ಇರಲಿ ಮೇಡಂ. ಪೂರ್ತಿ ವಾಸಿಯಾದ ಮೇಲೆ ಕರ್ಕೊಂಡು ಹೋಗ್ತೀವಿ.”

ಇಂಥ ಮಾತು ಕಿವಿಗೆ ಬಿದ್ದರೆ ‘ಮನೆಯವರಿಗೆ ಬೇಡವಾಗಿದ್ದಾಳೆ’ ಎಂದು ತೀರ್ಮಾನಿಸುವವರುಂಟು. ನನಗೆ ಹಾಗನ್ನಿಸುವುದು ಅಪರೂಪ. ಕಳೆದ ಸಲ ಮನೆಗೆ ಹೊರಟಾಗ ಇವರ ಕೈಗೆ ಸಿಕ್ಕಿದ್ದು ಒಂದು ಚೀಟಿ, ಒಂದಿಷ್ಟು ಮಾತ್ರೆ. ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕೆಂದೂ ಗೊತ್ತಿರಲಿಲ್ಲ. ಅಲ್ಲಿಂದಾಚೆ ಆ ತಾಯಿ ರಾತ್ರಿ ಸರಿಯಾಗಿ ಮಲಗಿದ್ದೇ ಇಲ್ಲ.

ಮನೆಯವರು ಹೇಳುವುದನ್ನು ಕೇಳಿಸಿಕೊಳ್ಳಲು ಅಡ್ಡಿಯಿಲ್ಲ. ರೋಗಿ ಹೇಳಿದ್ದನ್ನು ಅವರಿಗೆ ದಾಟಿಸಲು ಮಾತ್ರ ರೋಗಿಯ ಒಪ್ಪಿಗೆ ಬೇಕು. ಹಾಗಾಗಿ ಮೊದಲು ಆಕೆಯೊಬ್ಬಳನ್ನೇ ಕೂರಿಸಿ ಮಾತಾಡಿದೆ. ಗೆಳತಿಯ ಬಳಿ ಮಾಡಿದ ಸಾಲದ ವಿಷಯ ಬೇಡ, ಉಳಿದದ್ದು ಹೇಳಬಹುದು ಎಂದಳು. ಆಮೇಲೆ ಒಂದೇ ಉಸಿರಿಗೆ: “ಮಾತ್ರೆ ತಗೊಂಡ್ಯಾ ಅಂತ ಅಪ್ಪ ಕೇಳ್ತಾರೆ, ಅಣ್ಣ ಕೇಳ್ತಾನೆ, ಅತ್ತಿಗೆ ಕೇಳ್ತಾರೆ. ಅಮ್ಮ ಬಾಯಿ ತೆಗೆಸಿ ನೋಡ್ತಾರೆ. ನಕ್ಕರೂ ಕಾಯಿಲೆ, ಸಿಟ್ಟು ಬಂದರೂ ಕಾಯಿಲೆ.” ಲಿಥಿಯಂ (ಉನ್ಮಾದ ಮರುಕಳಿಸದಂತೆ ಕೊಡುವ ಮಾತ್ರೆ) ಬಿಟ್ಟಿದ್ದೇಕೆಂದರೆ, ಕೈ ನಡುಗಿ ಲೋಟ ಹಿಡಿದರೆ ತುಳುಕುತ್ತಿತ್ತಂತೆ. ಇಷ್ಟು ಕಾವಲಿದ್ದ ಮನೆಯಲ್ಲಿ ಅದೊಂದನ್ನು ಯಾರೂ ಕೇಳಿರಲಿಲ್ಲ.

1950ರ ದಶಕದಲ್ಲಿ ಲಂಡನ್ನಿನಲ್ಲಿ ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಮಾನಸಿಕ ಆಸ್ಪತ್ರೆಯಿಂದ ಹೊರಬಂದವರ ಗತಿಯನ್ನು ನೋಡಿದರು. ಸ್ಕಿಜೋಫ್ರೇನಿಯಾ (ಭ್ರಮೆಗಳು ಕಾಡುವ ತೀವ್ರ ಮಾನಸಿಕ ಕಾಯಿಲೆ) ಇದ್ದವರಲ್ಲಿ, ತಂದೆತಾಯಿ ಅಥವಾ ಹೆಂಡತಿಯ ಬಳಿ ಹೋದವರು ಬಾಡಿಗೆ ಕೋಣೆ ಹಿಡಿದವರಿಗಿಂತ ಹೆಚ್ಚಾಗಿ ವಾರ್ಡಿಗೆ ಮರಳುತ್ತಿದ್ದರು. ಸದಾ ತಪ್ಪೆಣಿಸುವುದು, ಹಗೆ, ಅತಿಯಾದ ಕಾಳಜಿ ಇವು ಇದ್ದ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚು ಎಂದು ಮುಂದಿನ ಅಧ್ಯಯನಗಳು ತೋರಿಸಿದವು. ಬೈಪೋಲಾರ್‌ನಲ್ಲೂ ಇದೇ ಚಿತ್ರ ಕಂಡುಬಂದಿದೆ. ಇದನ್ನು ಹೇಳುವಾಗ ನಾನು ಹುಷಾರಾಗಿರುತ್ತೇನೆ, ಯಾಕೆಂದರೆ ‘ಹಾಗಾದರೆ ಕಾಯಿಲೆ ನಮ್ಮಿಂದಲೇ ಬಂತಾ’ ಎಂದು ತಾಯಂದಿರು ಅಳುತ್ತಾರೆ. ಅಲ್ಲ. ಔಷಧದ ಜೊತೆಗೆ ಮನೆಯವರಿಗೂ ತಿಳಿವಳಿಕೆ ಕೊಟ್ಟರೆ ಕಾಯಿಲೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂಬುದೂ ಅದೇ ದಾರಿಯ ಸಂಶೋಧನೆಗಳಿಂದಲೇ ಗೊತ್ತಾದದ್ದು.

ಭಾನುವಾರ ಎಲ್ಲರನ್ನೂ ಕೂರಿಸಿದೆ. ಮಾತ್ರೆಯ ವಿಚಾರ ಕೇಳುವವರು ಒಬ್ಬರೇ, ಅದೂ ದಿನಕ್ಕೆ ಒಂದು ಸಲ. ಅತ್ತಿಗೆ ಆಗಬಹುದು ಎಂದಳು ಆಕೆ. (ತಾಯಿಗೆ ಇದು ನೋವಾಯಿತು, ಮುಖದಲ್ಲೇ ಕಾಣಿಸಿತು.) ವಾಂತಿ ಭೇದಿಯಾದರೆ ಲಿಥಿಯಂ ರಕ್ತದಲ್ಲಿ ಏರಬಹುದು, ವೈದ್ಯರಿಗೆ ತಕ್ಷಣ ತಿಳಿಸಿ. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೇಳದೆ ಕೊಡಬೇಡಿ. ನಡುಕ ಜೋರಾಗಿ ನಡಿಗೆ ತಪ್ಪಿದರೆ, ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಬನ್ನಿ.

ಹೆಚ್ಚು ಹೊತ್ತು ಹಿಡಿದದ್ದು ಮುನ್ಸೂಚನೆಗಳ ಪಟ್ಟಿ. ಅದನ್ನು ಆಕೆಯ ಕೈಯಲ್ಲೇ ಬರೆಸಿದೆ: ಎರಡು ರಾತ್ರಿ ನಿದ್ದೆ ಕಡಿಮೆಯಾದರೂ ಸುಸ್ತಿಲ್ಲದಿರುವುದು, ಕಂಡದ್ದೆಲ್ಲ ಆರ್ಡರ್ ಮಾಡುವುದು, ಮಧ್ಯರಾತ್ರಿ ಹಳೇ ಗೆಳೆಯರಿಗೆ ಫೋನ್. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಎಟಿಎಂ ಕಾರ್ಡ್ ಅಣ್ಣನಿಗೆ ಕೊಡುತ್ತೇನೆ ಎಂದು ತಾನೇ ಸೇರಿಸಿದಳು. ‘ಸಿಟ್ಟು’ ಸೇರಿಸಬೇಕೆಂದು ಅಣ್ಣ ಹಟ ಹಿಡಿದ. ನಾನು ಒಪ್ಪಲಿಲ್ಲ. ಬೈದರೆ ಬೈಯಿಸಿಕೊಂಡವರಿಗೆ ಸಿಟ್ಟು ಬರುತ್ತದೆ, ಅದಕ್ಕೆ ಕಾಯಿಲೆ ಬೇಕಿಲ್ಲ.

ತಾಯಿಯನ್ನು ಬೇರೆಯಾಗಿ ಕರೆದು ಇನ್ನೊಂದು ಮಾತು ಹೇಳಿದೆ. ಬಿಡುಗಡೆಯ ನಂತರದ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಮಗಳು ಮಂಕಾಗಿ ಕಂಡರೆ ‘ಸಾಯಬೇಕು ಅನ್ನಿಸ್ತಿದೆಯಾ’ ಎಂದು ನೇರವಾಗಿಯೇ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ರಾತ್ರಿಯ ಕಾವಲು ಮಾತ್ರ ಇನ್ನು ನಿಮ್ಮೊಬ್ಬರದೇ ಅಲ್ಲ, ಅಣ್ಣನೂ ಹಂಚಿಕೊಳ್ಳಲಿ.

ವಾರದೊಳಗಿನ ಮರುಭೇಟಿಯ ದಿನ, ಸಮಯ ಬರೆದುಕೊಟ್ಟ ಮೇಲೆಯೇ ಸೋಮವಾರ ಹೊರಟರು. ಆ ಭೇಟಿಯಲ್ಲಿ ನಡುಕದ ವಿಷಯವನ್ನು ಆಕೆಯೇ ಎತ್ತಿದಳು. ರಕ್ತ ಪರೀಕ್ಷೆ ನೋಡಿ ವೈದ್ಯರು ಡೋಸ್ ಇಳಿಸಿದರು. ಸಾಲದ ವಿಷಯ ಮನೆಯವರಿಗೆ ಇನ್ನೂ ತಿಳಿದಿಲ್ಲ. ಅದನ್ನು ಹೇಗೆ ಹೇಳುವುದೆಂದು ನಾವಿಬ್ಬರೂ ಈಗ ಮಾತಾಡುತ್ತಿದ್ದೇವೆ.