ಸಂಪಾದಕರ ಉತ್ತರ: ಚೀಟಿ ಓದಿ ಮುಗಿದ ಮೇಲೆ ಏನು?

ಹೊನ್ನಾವರ ತಾಲ್ಲೂಕಿನ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿಯೊಬ್ಬರು ಬರೆದಿದ್ದಾರೆ (ಹೆಸರು ಹಾಕಬೇಡಿ ಎಂದಿದ್ದಾರೆ): “ತರಬೇತಿಯಲ್ಲಿ ಲಿಟರೇಚರ್ ಸರ್ಕಲ್ (ಮಕ್ಕಳು ಚಿಕ್ಕ ಗುಂಪುಗಳಲ್ಲಿ ಒಂದೇ ಪುಸ್ತಕ ಓದಿ ಚರ್ಚಿಸುವುದು) ಬಗ್ಗೆ ಕೇಳಿಕೊಂಡು ಬಂದು ಎಂಟನೇ ತರಗತಿಯಲ್ಲಿ ‘ಓದು ಬಳಗ’ ಶುರು ಮಾಡಿದೆ. 38 ಮಕ್ಕಳು, ಎಂಟು ಗುಂಪು. ಪ್ರಶ್ನೆ ಕೇಳುವವರು, ಸಾರಾಂಶ ಹೇಳುವವರು, ಕಷ್ಟದ ಪದ ಹುಡುಕುವವರು, ಒಳ್ಳೆಯ ಸಾಲು ಆರಿಸುವವರು, ಚಿತ್ರ ಬಿಡಿಸುವವರು ಎಂದು ಪಾತ್ರದ ಚೀಟಿ ಹಂಚಿದೆ. ಮೊದಲ ವಾರ ಗಲಗಲ ಇತ್ತು. ಈಗ ಒಬ್ಬೊಬ್ಬರೂ ಬರೆದುಕೊಂಡು ಬಂದದ್ದನ್ನು ಓದಿ ‘ನಂದು ಮುಗೀತು, ಈಗ ನಿಂದು’ ಅನ್ನುತ್ತಾರೆ. ಹತ್ತು ನಿಮಿಷಕ್ಕೆ ಎಲ್ಲ ಮುಗಿದು ‘ಇನ್ನೆಂತ ಮಾಡೂದು ಅಕ್ಕೋರೇ?’ ಎಂದು ನನ್ನ ಮುಖ ನೋಡುತ್ತಾರೆ. ಮಾತಾಡುವವರೂ ಗುಂಪಿಗೆ ಇಬ್ಬರೇ. ಒಂದೇ ಪುಸ್ತಕದ ಐದು ಪ್ರತಿ ಎಲ್ಲಿಂದ ತರಲಿ? ಪೋರ್ಷನ್ ಎಲ್ಲಿಗೆ ಬಂತು ಎಂದು ಹೆಡ್‌ಮಾಸ್ಟರು ಕೇಳುತ್ತಾರೆ. ಅಂಕ ಹೇಗೆ ಕೊಡಲಿ? ಬಿಟ್ಟುಬಿಡಲೇ?”

ಮೇಡಂ, ಬಳಗ ಬಿಡಬೇಡಿ. ಚೀಟಿ ಬಿಡಿ.

ಈ ಪಾತ್ರದ ಹಾಳೆಗಳನ್ನು ಜನಪ್ರಿಯ ಮಾಡಿದವರು ಅಮೆರಿಕದ ಶಿಕಾಗೋದಲ್ಲಿ ಶಿಕ್ಷಕರ ಜೊತೆ ಕೆಲಸ ಮಾಡುತ್ತಿದ್ದ ಹಾರ್ವೆ ಡೇನಿಯಲ್ಸ್. ಅವರ ಪುಸ್ತಕ ಬಂದದ್ದು 1994ರಲ್ಲಿ. ಶಾಲೆಗಳು ಅದರಲ್ಲಿದ್ದ ಹಾಳೆಗಳನ್ನೇ ಹಿಡಿದುಕೊಂಡು ಕೂತದ್ದರಿಂದ 2002ರ ಎರಡನೇ ಆವೃತ್ತಿಯಲ್ಲಿ ಅವರೇ ಎಚ್ಚರಿಸಬೇಕಾಯಿತು. ಹಾಳೆ ಇರುವುದು ರೂಢಿಯಾಗುವ ತನಕ, ಆಮೇಲೂ ಇಟ್ಟುಕೊಂಡರೆ ಚರ್ಚೆ ಯಂತ್ರದ ಹಾಗೆ ಆಗುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ನಿಮ್ಮ ಪತ್ರ ನೋಡಿದರೆ ನಿಮ್ಮ ತರಬೇತಿಗೆ 1994 ತಲುಪಿದೆ, 2002 ಇನ್ನೂ ದಾರಿಯಲ್ಲಿದೆ.

ಅದಕ್ಕೂ ಹಿಂದಿನ ಒಂದು ಪ್ರಸಂಗ ಡೇನಿಯಲ್ಸ್ ಅವರೇ ಹೇಳುತ್ತಾರೆ. 1982ರಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಶಿಕ್ಷಕಿ ಕ್ಯಾರೆನ್ ಸ್ಮಿತ್ ಅವರಿಗೆ ಸಹೋದ್ಯೋಗಿಯೊಬ್ಬರು ಒಂದು ಪೆಟ್ಟಿಗೆ ತುಂಬ ಬಿಡಿ ಬಿಡಿ ಕಾದಂಬರಿಗಳನ್ನು ಕೊಟ್ಟರು. ಪೆಟ್ಟಿಗೆ ತರಗತಿಯ ಹಿಂದೆ ಬಿದ್ದಿತ್ತು. ಐದನೇ ತರಗತಿಯ ಕೆಲವು ಮಕ್ಕಳು ಅದನ್ನು ಕಂಡು ‘ನಾವು ಓದಬಹುದಾ?’ ಎಂದರು, ತಾವೇ ಪುಸ್ತಕ ಆರಿಸಿ, ಗುಂಪು ಮಾಡಿಕೊಂಡು ಮಾತಿಗೆ ಕೂತರು. ಚೀಟಿ ಇರಲಿಲ್ಲ, ಪಾತ್ರ ಇರಲಿಲ್ಲ. ಇದ್ದದ್ದು ಆಯ್ಕೆ. ನಿಮ್ಮ ಎಂಟು ಗುಂಪಿನ ಮಕ್ಕಳು ಏನನ್ನು ಓದಬೇಕೆಂದು ಆರಿಸಿದವರು ಯಾರು? ಪತ್ರದಲ್ಲಿ ಈ ಮಾತೇ ಇಲ್ಲ. ನೀವೇ ಇರಬೇಕು ಎಂಬುದು ನನ್ನ ಅಂದಾಜು.

ನಿಮ್ಮ ಊರಿನಲ್ಲಿ ತಾಳಮದ್ದಳೆ, ಅಂದರೆ ವೇಷ-ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೋಡದ ಮಕ್ಕಳು ಕಡಿಮೆ. ಭಾಗವತರ ಪದ ಆದ ಮೇಲೆ ಕೃಷ್ಣನ ಅರ್ಥಧಾರಿ ಮನೆಯಲ್ಲಿ ಉರುಹೊಡೆದದ್ದನ್ನು ಒಪ್ಪಿಸಿ, ಕೌರವ ತನ್ನದನ್ನು ಒಪ್ಪಿಸಿ, ಇಬ್ಬರೂ ಪರಸ್ಪರ ಕೇಳಿಸಿಕೊಳ್ಳದೇ ಹೋದರೆ ಸಭೆ ಎದ್ದು ಹೋಗುತ್ತದೆ. ಎದುರಿನವನ ಮಾತಿಗೆ ಮಾತು ಬೀಳಬೇಕು, ಆಗಲೇ ರಂಗು. ನಿಮ್ಮ ಗುಂಪಿಗೆ ಬೇಕಾದದ್ದು ಈ ಒಂದೇ ನಿಯಮ: ನಿನ್ನ ಮಾತು ಹಿಂದಿನವರ ಮಾತಿನಿಂದ ಶುರುವಾಗಬೇಕು.

ಇನ್ನು ಪ್ರಶ್ನೆ. ಗೋವಿನ ಹಾಡು ಎಲ್ಲರಿಗೂ ಬಾಯಿಪಾಠ, ಅದರಿಂದಲೇ ಹೇಳುತ್ತೇನೆ. ‘ಗೊಲ್ಲನ ಹೆಸರೇನು?’ ಎಂದರೆ ಕಾಳಿಂಗ, ಅಲ್ಲಿಗೆ ಮುಗಿಯಿತು. ‘ಮಾತಿಗೆ ತಪ್ಪದೆ ಬಂದದ್ದು ಹಸು, ಪ್ರಾಣ ಬಿಟ್ಟದ್ದು ಹುಲಿ. ಹುಲಿ ಯಾಕೆ ಸಾಯಬೇಕಿತ್ತು, ಸುಮ್ಮನೆ ಬಿಟ್ಟು ಕಳಿಸಬಹುದಿತ್ತಲ್ಲ?’ ಎಂದು ಕೇಳಿ ನೋಡಿ. ಅಥವಾ ‘ಕರುವನ್ನು ತಬ್ಬಲಿ ಮಾಡಿ ಮಾತು ಉಳಿಸಿಕೊಳ್ಳಹೊರಟ ತಾಯಿ ಮಾಡಿದ್ದು ಸರಿಯೇ?’ ಎಂದು. ಒಬ್ಬಳು ಸರಿಯಲ್ಲ ಅನ್ನುತ್ತಾಳೆ. ಇನ್ನೊಬ್ಬ, ಅವಳು ಉಳಿದ ಹಸುಗಳಿಗೆ ಕರುವನ್ನು ಒಪ್ಪಿಸಿಯೇ ಹೋದಳಲ್ಲ ಅನ್ನುತ್ತಾನೆ. ಆಗ ಗುಂಪಿನಲ್ಲಿ ಯಾರಾದರೂ ‘ಯಾವ ಸಾಲಿನಲ್ಲಿದೆ, ತೋರಿಸು’ ಅನ್ನಬೇಕು. ಪುಟ ತಿರುವುವ ಸದ್ದು ಕೇಳಿದರೆ ಬಳಗ ನಡೆಯುತ್ತಿದೆ ಎಂದೇ ಲೆಕ್ಕ. ಪ್ರತಿ ಮಗುವೂ ಇಂಥದ್ದೊಂದು ಪ್ರಶ್ನೆ, ಪುಟಸಂಖ್ಯೆ ಸಮೇತ, ಬರೆದುಕೊಂಡು ಬರಲಿ. ಇಷ್ಟೇ ಮನೆಗೆಲಸ. ಮೊದಲ ಸಲ ಒಂದು ಗುಂಪನ್ನು ನಡುವೆ ಕೂರಿಸಿ ಮಾತಾಡಲು ಬಿಡಿ, ಉಳಿದವರು ಸುತ್ತ ಕೂತು ನೋಡಲಿ. ಮಾತು ಎಲ್ಲಿ ಬೆಳೆಯಿತು, ಎಲ್ಲಿ ಸತ್ತಿತು ಎಂದು ಅವರೇ ಹೇಳುತ್ತಾರೆ.

ಮಕ್ಕಳು ಮುಖ ನೋಡಿದಾಗ ನೀವೇನು ಮಾಡುತ್ತೀರಿ? ಉತ್ತರ ಹೇಳಿಬಿಡುತ್ತೀರಿ, ಅಲ್ಲವೇ? ಗುಂಪಿನಿಂದ ಸ್ವಲ್ಪ ಹಿಂದೆ ಕೂತು ನೋಟ್‌ಬುಕ್ ನೋಡಿಕೊಳ್ಳಿ. ಅರ್ಧ ನಿಮಿಷದ ಮೌನವನ್ನು ನಾವು ಮೇಷ್ಟ್ರುಗಳೇ ತಡೆದುಕೊಳ್ಳುವುದಿಲ್ಲ. ಮಕ್ಕಳು ತಡೆದುಕೊಳ್ಳುತ್ತಾರೆ.

ಇಬ್ಬರೇ ಮಾತಾಡುವ ಗುಂಪಿಗೆ ತಲಾ ಮೂರು ಹುಣಸೆಬೀಜ ಕೊಡಿ. ಒಂದು ಮಾತಿಗೆ ಒಂದು ಬೀಜ ನಡುವೆ ಇಡಬೇಕು, ಬೀಜ ಮುಗಿದವರು ಉಳಿದವರ ಮಾತು ಕೇಳಿಸಿಕೊಳ್ಳಬೇಕು. ಇದೂ ಹೆಚ್ಚು ದಿನ ಬೇಡ, ಇದೇ ಒಂದು ಆಟವಾಗಿಬಿಡುತ್ತದೆ. ಅದಕ್ಕಿಂತ ಮುಖ್ಯ, ಚಿತ್ರ ಬಿಡಿಸುವ ಚೀಟಿ ಯಾರಿಗೆ ಹೋಗುತ್ತಿತ್ತು ಎಂದು ನೆನಪು ಮಾಡಿಕೊಳ್ಳಿ. ಓದು ಸರಿಯಾಗಿ ಬಾರದ ಹುಡುಗನಿಗೇ ಹೋಗಿರುತ್ತದೆ. ಹಿಂದಿನ ಬೆಂಚನ್ನೇ ತಂದು ಗುಂಪಿನೊಳಗೆ ಹಾಕಿದ ಹಾಗಾಯಿತು. ಅವನಿಗೆ ಜೊತೆಯವರು ಗಟ್ಟಿಯಾಗಿ ಓದಿ ಹೇಳಲಿ. ಕಥೆ ಕಿವಿಯಿಂದ ಹೋದರೂ ಪ್ರಶ್ನೆ ಹುಟ್ಟುತ್ತದೆ. ಹಾಗೆಯೇ, ಗುಂಪಿನೊಳಗೆ ಪುಸ್ತಕದ ಕನ್ನಡ ಕಡ್ಡಾಯ ಮಾಡಬೇಡಿ. ಮನೆಯಲ್ಲಿ ಆಡುವ ಕನ್ನಡವೋ ಕೊಂಕಣಿಯೋ, ಬಂದದ್ದು ಬರಲಿ.

ಪುಸ್ತಕದ ವಿಷಯ. ಪಠ್ಯಪುಸ್ತಕದ ಹಿಂದೆ ಪಠ್ಯಪೂರಕ ಅಧ್ಯಯನದ ಪಾಠಗಳಿವೆಯಲ್ಲ, ಪುಸ್ತಕ ಎಲ್ಲ ಮಕ್ಕಳ ಕೈಯಲ್ಲೂ ಇದೆ. ಅಲ್ಲಿಂದ ಶುರು ಮಾಡಿ: ಯಾವುದನ್ನು ಮೊದಲು ಓದುವುದು ಎಂದು ಗುಂಪೇ ತೀರ್ಮಾನಿಸಲಿ. ಹೆಡ್‌ಮಾಸ್ಟರಿಗೆ ಕೊಡಬೇಕಾದ ಉತ್ತರವೂ ಇದೇ, ಪೋರ್ಷನ್ನೇ ನಡೆಯುತ್ತಿದೆ. ಆಮೇಲೆ ಕಥೆಗಳಿಗೆ ಹೋಗಿ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಕೆರೂರು ವಾಸುದೇವಾಚಾರ್ಯರು 1921ರಲ್ಲಿ. ಇವರ ಸಣ್ಣ ಕಥೆಗಳನ್ನು ಧೈರ್ಯವಾಗಿ ಜೆರಾಕ್ಸ್ ಮಾಡಿಸಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಪುಸ್ತಕಗಳಿವೆ, ಬೇಕಾದಷ್ಟು ಪ್ರತಿ ಮುದ್ರಿಸಿಕೊಳ್ಳಬಹುದು. ಎಂಟನೆಯವರಿಗೆ ಹಲವು ತೀರಾ ಸುಲಭ, ಆದರೆ ತಡವರಿಸಿ ಓದುವವರಿಗೆ ಹೇಳಿ ಮಾಡಿಸಿದ ಹಾಗಿವೆ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲೂ ವಿಚಾರಿಸಿ. ಒಂದೇ ಪ್ರತಿ ಸಿಕ್ಕರೂ ಒಬ್ಬರು ಓದಿ ನಾಲ್ವರು ಕೇಳಬಹುದು.

ಅಂಕಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ವರ್ಷದ ನಡುನಡುವೆ ನಡೆಸುವ ರೂಪಣಾತ್ಮಕ ಮೌಲ್ಯಮಾಪನಕ್ಕೆ ಹೇಗೂ ಚಟುವಟಿಕೆ ತೋರಿಸಬೇಕು, ಇದನ್ನೇ ತೋರಿಸಿ. ಒಂದು ಪೀರಿಯಡ್‌ಗೆ ಎರಡೇ ಗುಂಪು ಗಮನಿಸಿ, ಹೆಸರಿನ ಮುಂದೆ ‘ಸಾಲು ತೋರಿಸಿದಳು’, ‘ಗೆಳೆಯನ ಮಾತಿಗೆ ಉತ್ತರ ಕೊಟ್ಟ’, ‘ಮೊದಲಿನ ಅಭಿಪ್ರಾಯ ಬದಲಿಸಿದಳು’ ಎಂದು ಬರೆದಿಡಿ. ಮೂರನೆಯದಕ್ಕೆ ನಾನಾದರೆ ಹೆಚ್ಚು ಅಂಕ ಕೊಡುತ್ತೇನೆ. ಎಷ್ಟು ಮಾತಾಡಿದರು ಎಂದು ಮಾತ್ರ ಎಣಿಸಬೇಡಿ, ಆ ಇಬ್ಬರು ಜಾಣರೇ ಮತ್ತೆ ಗೆಲ್ಲುತ್ತಾರೆ.

ಮಕ್ಕಳು ಪುಟಸಂಖ್ಯೆ ಹಾಕಿ ಬರೆದ ಪ್ರಶ್ನೆಗಳಲ್ಲಿ ನಿಮಗೇ ಉತ್ತರ ಹೊಳೆಯದ ನಾಲ್ಕೈದನ್ನು ಆರಿಸಿ ಕಳಿಸಿ. ಮಕ್ಕಳ ಪುಟದಲ್ಲಿ ಹಾಕುತ್ತೇವೆ. ಉತ್ತರ ಬರೆದು ಕಳಿಸಬೇಡಿ.

– ಸಂ.